ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಕನ್ನಡ ಪ್ರದೇಶಗಳ ರಾಜಕೀಯ ನಿಷ್ಠೆ

ಭಾರತದ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಕನ್ನಡ ಮಾತನಾಡುವ ಪ್ರದೇಶಗಳ ಜನರ ರಾಜಕೀಯ ನಿಷ್ಠೆ ಒಂದೇ ಬಗೆಯದಾಗಿರಲಿಲ್ಲ. ಇಂದಿನ ಕರ್ನಾಟಕ ರಾಜ್ಯದ ಭೂಭಾಗ ಆಗ ಬ್ರಿಟಿಷ್ ಪ್ರಾಂತಗಳು, ಮೈಸೂರು ಸಂಸ್ಥಾನ, ಹೈದರಾಬಾದ್ ನಿಜಾಮರ ರಾಜ್ಯ, ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಹೋರಾಟ ನೇರವಾಗಿ ಬ್ರಿಟಿಷ್ ಸರ್ಕಾರದ ವಿರುದ್ಧ ನಡೆಯಿತು. ಮೈಸೂರಿನಲ್ಲಿ ಅರಸರ ಮೇಲಿನ ಗೌರವವನ್ನು ಉಳಿಸಿಕೊಂಡೇ ಜವಾಬ್ದಾರಿ ಸರ್ಕಾರದ ಬೇಡಿಕೆ ಬೆಳೆಯಿತು. ಹೈದರಾಬಾದ್ ಕರ್ನಾಟಕದಲ್ಲಿ ರಾಜ್ಯವು ಭಾರತಕ್ಕೆ ಸೇರಬೇಕೇ ಬೇಡವೇ ಎಂಬುದೇ ಪ್ರಶ್ನೆಯಾಗಿ, ಅದು ರಕ್ತಪಾತದಲ್ಲಿ ಕೊನೆಗೊಂಡಿತು. ಈ ವ್ಯತ್ಯಾಸಗಳಿಗೆ ದೇಶಾಭಿಮಾನದ ಹೆಚ್ಚು ಕಡಿಮೆಗಿಂತ ಆಯಾ ಪ್ರದೇಶದ ಜನರು ದಿನನಿತ್ಯ ಎದುರಿಸುತ್ತಿದ್ದ ಆಳ್ವಿಕೆಯ ಸ್ವರೂಪ ಮುಖ್ಯ ಕಾರಣವಾಗಿತ್ತು. 1956ರ ಕರ್ನಾಟಕ ಏಕೀಕರಣದ ಚರ್ಚೆಗಳಲ್ಲಿಯೂ ಇವುಗಳ ಪ್ರಭಾವ ಕಾಣಿಸಿಕೊಂಡಿತು.

ಆಡಳಿತ ವಿಭಜನೆಯ ಹಿನ್ನೆಲೆ

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಅವನ ರಾಜ್ಯವನ್ನು ಈಸ್ಟ್ ಇಂಡಿಯಾ ಕಂಪನಿ ಮತ್ತು ಹೈದರಾಬಾದಿನ ನಿಜಾಮರು ಹಂಚಿಕೊಂಡರು. ಉಳಿದ ಭಾಗದಲ್ಲಿ ಒಡೆಯರ್ ವಂಶದ ಮುಮ್ಮಡಿ ಕೃಷ್ಣರಾಜರನ್ನು ಮೈಸೂರಿನ ಗಾದಿಗೆ ಏರಿಸಲಾಯಿತು. ನಿಜಾಮರು ತಮಗೆ ಬಂದಿದ್ದ ಬಳ್ಳಾರಿ ಮೊದಲಾದ ಪ್ರದೇಶಗಳನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟರು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡಾಗ ಧಾರವಾಡ, ಬೆಳಗಾವಿಗಳ ಕಡೆಯ ಪ್ರದೇಶ ಕಂಪನಿಯ ವಶಕ್ಕೆ ಬಂದಿತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಳ್ಳಲಾಯಿತು. ಮೈಸೂರು 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದು, 1881ರಲ್ಲಿ ಮತ್ತೆ ಒಡೆಯರ್ ವಂಶಕ್ಕೆ ಮರಳಿತು.

ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಕನ್ನಡ ಪ್ರದೇಶಗಳ ಮುಖ್ಯ ವಿಭಾಗಗಳು ಹೀಗಿದ್ದವು:

- ಮುಂಬಯಿ ಪ್ರಾಂತ: ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿಗೆ ವರ್ಗಾಯಿಸಲಾಗಿತ್ತು.
- ಮದರಾಸು ಪ್ರಾಂತ: ದಕ್ಷಿಣ ಕನ್ನಡ (ಕಾಸರಗೋಡು ಸೇರಿ), ಬಳ್ಳಾರಿ ಮತ್ತು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ.
- ಮೈಸೂರು ಸಂಸ್ಥಾನ: ಒಡೆಯರ್ ಅರಸರ ಆಳ್ವಿಕೆ. ಬೆಂಗಳೂರಿನ ದಂಡು ಪ್ರದೇಶ ಮಾತ್ರ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು.
- ಹೈದರಾಬಾದ್ ಸಂಸ್ಥಾನ: ಗುಲ್ಬರ್ಗಾ, ರಾಯಚೂರು ಮತ್ತು ಬೀದರ್ ಜಿಲ್ಲೆಗಳು.
- ಕೊಡಗು: ಚೀಫ್ ಕಮಿಷನರರ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತ.
- ಸಣ್ಣ ಸಂಸ್ಥಾನಗಳು: ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಮೊದಲಾದವು.

ಹತ್ತೊಂಬತ್ತನೆಯ ಶತಮಾನದ ಬಂಡಾಯಗಳು

ಕಂಪನಿ ಆಡಳಿತದ ವಿರುದ್ಧ ನಡೆದ ಆರಂಭಿಕ ಬಂಡಾಯಗಳಲ್ಲಿ ಸ್ಥಳೀಯ ಅರಸುಮನೆತನ, ಭೂಮಿಯ ಹಕ್ಕು ಮತ್ತು ಕಂದಾಯದ ಪ್ರಶ್ನೆಗಳೇ ಮುಂದಿದ್ದವು. ದತ್ತು ಉತ್ತರಾಧಿಕಾರವನ್ನು ಒಪ್ಪದ ಕಂಪನಿಯ ವಿರುದ್ಧ 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಯುದ್ಧ ಹೂಡಿದಳು. ಅದೇ ಸಂಸ್ಥಾನದ ಪುನಃಸ್ಥಾಪನೆಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಒಂದೇ ಪ್ರದೇಶದೊಳಗೆ ನಿಷ್ಠೆ ಇಬ್ಭಾಗವಾದುದಕ್ಕೆ 1837ರ ಅಮರಸುಳ್ಯ ದಂಗೆ ಉತ್ತಮ ನಿದರ್ಶನ. ಕೊಡಗಿನ ಅರಸರ ಅಧೀನದಲ್ಲಿದ್ದ ಸುಳ್ಯ, ಪುತ್ತೂರು ಭಾಗದ ಮಾಗಣೆಗಳನ್ನು 1834ರ ನಂತರ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದ ರೂಪದಲ್ಲಿ ಕೊಡಬೇಕಾಗಿ ಬಂದದ್ದು ರೈತರ ಅಸಮಾಧಾನಕ್ಕೆ ಕಾರಣವಾಯಿತು. ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳತ್ವದಲ್ಲಿ ಬಂಡಾಯಗಾರರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್‌ನಲ್ಲಿ ಮಂಗಳೂರನ್ನು ಹಿಡಿದು ಕೆಲವು ದಿನ ತಮ್ಮ ಅಧೀನದಲ್ಲಿ ಇಟ್ಟುಕೊಂಡರು. ಕೊಡಗಿನ ದಿವಾನರು ಮತ್ತು ಅವರ ಅನುಯಾಯಿಗಳಾದ ಹಲವು ಕೊಡವ ಮುಖಂಡರು ಬ್ರಿಟಿಷರ ಪರ ನಿಂತರು. ಅವರ ನಿಷ್ಠೆಯನ್ನು ಗುರುತಿಸಿ ಕಂಪನಿ ಸರ್ಕಾರ ವಿಶೇಷ ಪದಕಗಳನ್ನು ನೀಡಿತು. ಬಂಡಾಯದ ನಾಯಕರಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

1857–58ರಲ್ಲಿಯೂ ಇದೇ ಬಗೆಯ ವಿಭಜನೆ ಕಂಡುಬಂದಿತು. ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ ಹಲಗಲಿಯ ಬೇಡರು ದಂಗೆಯೆದ್ದರು. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಮತ್ತು ಸುರಪುರದ ವೆಂಕಟಪ್ಪನಾಯಕ ಬಂಡಾಯ ಹೂಡಿದರು. ಸುರಪುರವು ನಿಜಾಮರ ಅಧಿಪತ್ಯದಲ್ಲಿದ್ದರೂ ನಿಜಾಮರು ಮತ್ತು ಅವರ ದಿವಾನ ಸಾಲಾರ್ ಜಂಗ್ ಬ್ರಿಟಿಷರಿಗೇ ನೆರವಾದರು. ಬಂಡಾಯ ಅಡಗಿದ ಮೇಲೆ ಸುರಪುರ ಪ್ರದೇಶವನ್ನು ನಿಜಾಮರಿಗೆ ಕೊಡಲಾಯಿತು. ಮೈಸೂರಿನಲ್ಲಿ ವ್ಯಾಪಕ ದಂಗೆ ನಡೆಯಲಿಲ್ಲ. ಕೊಡವರ ನಿಷ್ಠೆಗೆ ಪ್ರತಿಯಾಗಿ 1861ರಲ್ಲಿ ಅವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಹಲಗಲಿಯಲ್ಲಿ ದಂಗೆಗೆ ಕಾರಣವಾದ ಕಾಯಿದೆಯೇ ಕೊಡಗಿನಲ್ಲಿ ನಿಷ್ಠೆಗೆ ಬಹುಮಾನ ಕೊಡುವ ಸಾಧನವಾಯಿತು.

ಮುಂಬಯಿ ಕರ್ನಾಟಕ

ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಮುಂಬಯಿ ಕರ್ನಾಟಕದಲ್ಲಿ ರಾಷ್ಟ್ರೀಯ ಚಳವಳಿ ಬೇಗ ಬೇರೂರಿತು. ಬಾಲಗಂಗಾಧರ ತಿಲಕರ ಪ್ರಭಾವ ಬೆಳಗಾವಿ ಮತ್ತು ಧಾರವಾಡಗಳಲ್ಲಿ ಪ್ರಬಲವಾಗಿತ್ತು. ಗಂಗಾಧರರಾವ್ ದೇಶಪಾಂಡೆ ಆ ಭಾಗದ ಪ್ರಮುಖ ನಾಯಕರಾದರು. ಭಾಷಾವಾರು ಪ್ರಾಂತಗಳ ಆಧಾರದ ಮೇಲೆ ಪಕ್ಷವನ್ನು ಸಂಘಟಿಸಲು ಕಾಂಗ್ರೆಸ್ ನಾಗಪುರ ಅಧಿವೇಶನದಲ್ಲಿ (1920) ನಿರ್ಧರಿಸಿದ ಮೇಲೆ ಕರ್ನಾಟಕಕ್ಕೆ ಪ್ರತ್ಯೇಕ ಪ್ರದೇಶ ಕಾಂಗ್ರೆಸ್ ಸಮಿತಿ ದೊರೆಯಿತು. ಹುಬ್ಬಳ್ಳಿಯ ನಾ. ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆಯಿತು.

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ನಂತರ ಅಂಕೋಲೆ ಮತ್ತು ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆಗೆ ಇಳಿದು ಜಮೀನು, ಜಾನುವಾರು, ಪಾತ್ರೆಪಡಗಗಳನ್ನು ಜಫ್ತಿಯಲ್ಲಿ ಕಳೆದುಕೊಂಡರು. ಇಲ್ಲಿ ಕಂದಾಯ ಕೇಳುವ ಸರ್ಕಾರವೂ ಪರಕೀಯ ಪ್ರಭುತ್ವವೂ ಒಂದೇ ಆಗಿದ್ದುದರಿಂದ ರೈತರ ಕಷ್ಟ ಮತ್ತು ಸ್ವರಾಜ್ಯದ ಬೇಡಿಕೆ ಸುಲಭವಾಗಿ ಒಂದುಗೂಡಿದವು. ದಂಡಿಯಾತ್ರೆಯಲ್ಲಿ ಪಾಲ್ಗೊಂಡಿದ್ದ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಕಚೇರಿಯ ಮೇಲೆ ನಡೆಸಿದ ದಾಳಿಯಲ್ಲಿ ಗುಂಡಿಗೆ ಬಲಿಯಾದರು.

ಈ ಭಾಗದಲ್ಲಿಯೂ ಕಾಂಗ್ರೆಸ್ಸಿಗೆ ಸರ್ವಸಮ್ಮತ ಬೆಂಬಲವಿರಲಿಲ್ಲ. ಆರಂಭದ ನಾಯಕತ್ವ ಬಹುಮಟ್ಟಿಗೆ ಬ್ರಾಹ್ಮಣ ವಕೀಲರು ಮತ್ತು ಪತ್ರಕರ್ತರ ಕೈಯಲ್ಲಿತ್ತು. ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಪಾಲು ಬಯಸಿದ ಬ್ರಾಹ್ಮಣೇತರ ಮುಖಂಡರು ಶಾಸನಸಭೆಗಳ ಮೂಲಕ ಬ್ರಿಟಿಷ್ ಸರ್ಕಾರದೊಂದಿಗೆ ಸಹಕರಿಸಿದರು. ಅವರಲ್ಲಿ ಒಬ್ಬರಾದ ಸಿದ್ದಪ್ಪ ಕಂಬಳಿಯವರು ಮುಂಬಯಿ ಸರ್ಕಾರದಲ್ಲಿ ಮಂತ್ರಿಯಾದರು. ಬೆಳಗಾವಿಯಲ್ಲಿ 1924ರಲ್ಲಿ ನಡೆದ ಮೊದಲ ಕರ್ನಾಟಕ ಏಕೀಕರಣ ಪರಿಷತ್ತಿನ ಅಧ್ಯಕ್ಷರೂ ಅವರೇ ಆಗಿದ್ದರು. ಕಾಂಗ್ರೆಸ್ಸಿನಿಂದ ದೂರವಿದ್ದವರೂ ಕನ್ನಡನಾಡಿನ ಒಗ್ಗೂಡುವಿಕೆಗೆ ದುಡಿಯುತ್ತಿದ್ದರು ಎಂಬುದನ್ನು ಇದು ತೋರಿಸುತ್ತದೆ. 1930ರ ದಶಕದಲ್ಲಿ ಲಿಂಗಾಯತ ಮತ್ತಿತರ ಸಮುದಾಯಗಳು ದೊಡ್ಡ ಪ್ರಮಾಣದಲ್ಲಿ ಕಾಂಗ್ರೆಸ್ ಸೇರಿದವು.

ಮೈಸೂರು ಸಂಸ್ಥಾನ

ಅರಸರ ಸ್ಥಾನ

ಮೈಸೂರಿನಲ್ಲಿ ಪರಕೀಯ ಆಳ್ವಿಕೆ ಮತ್ತು ಪ್ರಜೆಗಳ ನಡುವೆ ಅರಸರಿದ್ದರು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಗಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ (1902–1940) ನೀರಾವರಿ, ವಿದ್ಯುತ್, ಕೈಗಾರಿಕೆ ಮತ್ತು ಶಿಕ್ಷಣ ಕ್ಷೇತ್ರಗಳಲ್ಲಿ ಆದ ಕೆಲಸಗಳಿಂದ ಮೈಸೂರು ಮಾದರಿ ಸಂಸ್ಥಾನವೆಂಬ ಹೆಸರು ಪಡೆಯಿತು. 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ ಸಂಸ್ಥಾನದ ಅತಿಥಿಯಾಗಿದ್ದರು. ಅವರು ನಾಲ್ವಡಿಯವರನ್ನು ರಾಜರ್ಷಿ ಎಂದು ಕರೆದರೆಂಬುದು ಪ್ರಸಿದ್ಧವಾಗಿದೆ. ಅದೇ ಅರಸರ ಸೇನೆಯ ಮೈಸೂರು ಲ್ಯಾನ್ಸರ್ಸ್ ಪಡೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ 1918ರ ಹೈಫಾ ಕದನದಲ್ಲಿ ಹೋರಾಡಿತ್ತು.

ಸಂಸ್ಥಾನಗಳ ಆಂತರಿಕ ವ್ಯವಹಾರದಲ್ಲಿ ಕೈಹಾಕಬಾರದೆಂಬುದು ಬಹುಕಾಲ ಕಾಂಗ್ರೆಸ್ಸಿನ ನೀತಿಯೂ ಆಗಿತ್ತು. ಆದ್ದರಿಂದ ಮೈಸೂರಿನ ರಾಜಕೀಯ ಮೊದಲು ಪ್ರಾತಿನಿಧ್ಯದ ಪ್ರಶ್ನೆಯ ಸುತ್ತ ಬೆಳೆಯಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಅವಕಾಶ ಹೆಚ್ಚಿಸಲು ಶಿಫಾರಸು ಮಾಡಿತು. ಒಕ್ಕಲಿಗ, ಲಿಂಗಾಯತ ಮತ್ತು ಮುಸ್ಲಿಂ ಮುಖಂಡರಿಗೆ ಅರಮನೆಯು ಸಾಮಾಜಿಕ ನ್ಯಾಯವನ್ನು ದೊರಕಿಸುವ ಆಸರೆಯಾಗಿ ಕಂಡದ್ದು ಸಹಜವಾಗಿತ್ತು. 1934ರಲ್ಲಿ ರೂಪುಗೊಂಡ ಪ್ರಜಾಸಂಯುಕ್ತ ಪಕ್ಷ 1937ರಲ್ಲಿ ಕಾಂಗ್ರೆಸ್ಸಿನೊಂದಿಗೆ ವಿಲೀನಗೊಂಡಾಗ ಚಳವಳಿಗೆ ಗ್ರಾಮಾಂತರ ಪ್ರದೇಶದ ಬಲ ಬಂದಿತು.

ಎರಡು ಧ್ವಜಗಳ ಪ್ರಶ್ನೆ

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧಾಜ್ಞೆ ಮೀರಿ ತ್ರಿವರ್ಣ ಧ್ವಜವನ್ನು ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರ ಮತ್ತು ಕಾಂಗ್ರೆಸ್ಸಿನ ಹೇಳಿಕೆಗಳು ಬೇರೆಬೇರೆಯಾಗಿದ್ದವು. ಈ ಘಟನೆಯ ನಂತರ ವಲ್ಲಭಭಾಯಿ ಪಟೇಲ್ ಮತ್ತು ಜೆ. ಬಿ. ಕೃಪಲಾನಿ ಮೈಸೂರಿಗೆ ಬಂದು ದಿವಾನ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಸಿದರು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸಮಾರಂಭಗಳಲ್ಲಿ ಕಾಂಗ್ರೆಸ್ ಧ್ವಜದೊಡನೆ ಸಂಸ್ಥಾನದ ಧ್ವಜವನ್ನೂ ಹಾರಿಸಬೇಕೆಂಬ ಒಪ್ಪಂದವಾಯಿತು. ಅರಸರ ಪ್ರಜೆಯಾಗಿಯೂ ಭಾರತೀಯ ರಾಷ್ಟ್ರೀಯವಾದಿಯಾಗಿಯೂ ಇರುವ ಮೈಸೂರಿಗನ ಉಭಯ ನಿಷ್ಠೆಗೆ ಈ ಒಪ್ಪಂದ ಅಧಿಕೃತ ರೂಪ ಕೊಟ್ಟಿತು.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮದವರು ತಮ್ಮದು ಸ್ವತಂತ್ರ ಗ್ರಾಮವೆಂದು ಘೋಷಿಸಿ, ಬಾಲಕರನ್ನೇ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಅಲ್ಲಿಗೆ ಬಂದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಘರ್ಷಣೆಯಲ್ಲಿ ಹತರಾದರು. ಈ ಪ್ರಕರಣದಲ್ಲಿ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು. ಮಾದರಿ ಸಂಸ್ಥಾನದ ಸರ್ಕಾರವೂ ದಮನದ ವಿಷಯದಲ್ಲಿ ಬ್ರಿಟಿಷ್ ಪ್ರಾಂತಗಳಿಗಿಂತ ಭಿನ್ನವಾಗಿರಲಿಲ್ಲ ಎಂಬ ಭಾವನೆ ಇದರಿಂದ ಬಲಗೊಂಡಿತು.

ಮೈಸೂರು ಚಲೋ

ಜಯಚಾಮರಾಜ ಒಡೆಯರು 1947ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ, ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರ ರಚನೆಯಾಗಲಿಲ್ಲ. ಇದಕ್ಕಾಗಿ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ಚಳವಳಿಗಾರರ ಸಿಟ್ಟು ಹೆಚ್ಚಾಗಿ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಮೇಲಿತ್ತು. ‘ಆರ್ಕಾಟ್ ಬಾಯ್ಕಾಟ್’ ಎಂಬ ಘೋಷಣೆ ಜನಪ್ರಿಯವಾಯಿತು. ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿಯ ವೃತ್ತವೊಂದಕ್ಕೆ ಇಡಲಾಗಿದೆ. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, 25ರಂದು ಕೆ. ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಅಧಿಕಾರಕ್ಕೆ ಬಂದಿತು. ಅರಸೊತ್ತಿಗೆಯ ಗೌರವ ಇದರಿಂದ ಕುಂದಲಿಲ್ಲ. ಜಯಚಾಮರಾಜ ಒಡೆಯರು ಮುಂದೆ ರಾಜಪ್ರಮುಖರೂ, 1956ರ ನಂತರ ವಿಶಾಲ ಮೈಸೂರಿನ ರಾಜ್ಯಪಾಲರೂ ಆದರು.

ಹೈದರಾಬಾದ್ ಕರ್ನಾಟಕ

ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಅವರಿಗೆ ‘ಬ್ರಿಟಿಷ್ ಸರ್ಕಾರದ ನಿಷ್ಠಾವಂತ ಮಿತ್ರ’ ಎಂಬ ಬಿರುದಿತ್ತು. ಆಡಳಿತದ ಭಾಷೆ ಉರ್ದು ಆಗಿದ್ದು, ಕನ್ನಡ ಶಿಕ್ಷಣಕ್ಕೆ ಅವಕಾಶ ಕಡಿಮೆಯಿತ್ತು. ರಾಜಕೀಯ ಸಭೆಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧವಿದ್ದುದರಿಂದ ರಾಷ್ಟ್ರೀಯ ಭಾವನೆ ಶಾಲೆ, ಗ್ರಂಥಾಲಯ ಮತ್ತು ಸಾಹಿತ್ಯ ಸಂಘಗಳ ಮೂಲಕ ಹರಡಿತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಸ್ಥಾಪಿಸಿದ ಹಮ್‌ದರ್ದ್ ಶಾಲೆ ಇಂತಹ ಕೇಂದ್ರವಾಗಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟಿದೊಡನೆಯೇ ನಿಷೇಧಕ್ಕೆ ಒಳಗಾಯಿತು. ಸ್ವಾಮಿ ರಮಾನಂದ ತೀರ್ಥರು ಅದರ ಪ್ರಮುಖ ನಾಯಕರಾದರು. ಆರ್ಯ ಸಮಾಜವು 1938–39ರಲ್ಲಿ ಧಾರ್ಮಿಕ ಹಕ್ಕುಗಳಿಗಾಗಿ ಸತ್ಯಾಗ್ರಹ ನಡೆಸಿತು.

1947ರ ಆಗಸ್ಟ್ 15ರಂದು ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ಭಾರತದ ಭಾಗವಾಗಿರಲಿಲ್ಲ. ನಿಜಾಮರು ಸ್ವತಂತ್ರವಾಗಿ ಉಳಿಯಲು ಬಯಸಿ, ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ನಾಯಕ, ಲಾತೂರಿನ ವಕೀಲ ಕಾಸಿಂ ರಜ್ವಿ ಮುನ್ನಡೆಸಿದ ರಜಾಕಾರರ ಪಡೆ ವಿಲೀನದ ಪರವಿದ್ದವರ ಮೇಲೆ ದಾಳಿಗಳನ್ನು ನಡೆಸಿತು. 1948ರಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಹತ್ಯಾಕಾಂಡ ನಡೆಯಿತು. ಗಡಿಯಾಚೆಯ ಮುಂಡರಗಿ, ಗಜೇಂದ್ರಗಡ ಮೊದಲಾದ ಕಡೆ ಹೋರಾಟಗಾರರು ಶಿಬಿರಗಳನ್ನು ಸ್ಥಾಪಿಸಿ, ಅಲ್ಲಿಂದ ಸಂಸ್ಥಾನದ ಠಾಣೆಗಳ ಮೇಲೆ ದಾಳಿ ಮಾಡಿದರು. ಮುಂಡರಗಿ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಪಾತ್ರ ಪ್ರಮುಖವಾಗಿತ್ತು.

ಇಲ್ಲಿಯ ನಿಷ್ಠೆಗಳನ್ನು ಕೇವಲ ಧರ್ಮದ ಆಧಾರದ ಮೇಲೆ ವಿಂಗಡಿಸಲಾಗದು. ಪರಿಶಿಷ್ಟ ಜಾತಿಗಳ ನಾಯಕ ಬಿ. ಎಸ್. ವೆಂಕಟರಾವ್ ನಿಜಾಮರ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತದೊಂದಿಗಿನ ವಿಲೀನವನ್ನು ಬೆಂಬಲಿಸಿ ಬರೆದುದಕ್ಕಾಗಿ 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ನಗರದಲ್ಲಿ ಹತ್ಯೆಗೀಡಾದರು.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾಗತಿಯನ್ನು ಘೋಷಿಸಿದರು. ಕಾರ್ಯಾಚರಣೆಯ ಸಂದರ್ಭದಲ್ಲಿ ಮತ್ತು ಅದರ ನಂತರ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸಾಚಾರ ನಡೆಯಿತು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡ ಒಟ್ಟು 27,000ದಿಂದ 40,000 ಜನರು ಪ್ರಾಣ ಕಳೆದುಕೊಂಡಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳೆಂದು ಆ ತಂಡ ಗುರುತಿಸಿದವುಗಳಲ್ಲಿ ಗುಲ್ಬರ್ಗಾ ಮತ್ತು ಬೀದರ್ ಸೇರಿದ್ದವು. ಈ ವರದಿ ದಶಕಗಳ ಕಾಲ ಸಾರ್ವಜನಿಕರಿಗೆ ಲಭ್ಯವಿರಲಿಲ್ಲ.

ಕೊಡಗು, ದಕ್ಷಿಣ ಕನ್ನಡ ಮತ್ತು ಬಳ್ಳಾರಿ

ಕೊಡಗಿನಲ್ಲಿ ಕಾಫಿ ತೋಟಗಳು, ಜಮ್ಮಾ ಭೂಹಿಡುವಳಿ, ಕೋವಿಯ ಹಕ್ಕು ಮತ್ತು ಸೇನೆಯ ನೌಕರಿಗಳು ಬ್ರಿಟಿಷ್ ಆಡಳಿತದೊಂದಿಗಿನ ಸಂಬಂಧವನ್ನು ಗಟ್ಟಿಗೊಳಿಸಿದ್ದವು. 1919ರಲ್ಲಿ ಸೇನಾಧಿಕಾರಿಯಾಗಿ ನೇಮಕಗೊಂಡ ಕೆ. ಎಂ. ಕಾರ್ಯಪ್ಪ 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ನಾಡಿನಲ್ಲಿ ಪಂದ್ಯಂಡ ಬೆಳ್ಯಪ್ಪ, ಸಿ. ಎಂ. ಪೂಣಚ್ಚ ಮೊದಲಾದವರು ಕಾಂಗ್ರೆಸ್ ಚಳವಳಿಯನ್ನು ಕಟ್ಟಿದರು.

ದಕ್ಷಿಣ ಕನ್ನಡದಲ್ಲಿ ಕಾರ್ನಾಡು ಸದಾಶಿವರಾಯರು ತಮ್ಮ ಆಸ್ತಿಯನ್ನೆಲ್ಲ ಚಳವಳಿಗೆ ಮತ್ತು ಸಮಾಜಸೇವೆಗೆ ವ್ಯಯಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಉಪ್ಪಿನ ಸತ್ಯಾಗ್ರಹದ ಮುಂಚೂಣಿಯಲ್ಲಿದ್ದರು. ಬಳ್ಳಾರಿಯಲ್ಲಿ ಬ್ರಿಟಿಷ್ ವಿರೋಧದ ಜೊತೆಗೆ ಭಾಷೆಯ ಪ್ರಶ್ನೆಯೂ ಇತ್ತು. ಜಿಲ್ಲೆಯ ತಾಲ್ಲೂಕುಗಳು ಆಂಧ್ರ ಕಾಂಗ್ರೆಸ್ಸಿಗೆ ಸೇರಬೇಕೇ ಕರ್ನಾಟಕ ಕಾಂಗ್ರೆಸ್ಸಿಗೆ ಸೇರಬೇಕೇ ಎಂಬ ವಿವಾದವನ್ನು ಎನ್. ಸಿ. ಕೇಳ್ಕರ್ ಅವರ ತೀರ್ಪಿನ ಮೂಲಕ ಬಗೆಹರಿಸಲು ಯತ್ನಿಸಲಾಯಿತು.

ಸಣ್ಣ ಸಂಸ್ಥಾನಗಳು

ಸಣ್ಣ ಸಂಸ್ಥಾನಗಳಲ್ಲಿ 1930ರ ದಶಕದಲ್ಲಿ ಪ್ರಜಾಸಂಘಗಳು ಬೆಳೆದವು. ರಾಮದುರ್ಗದಲ್ಲಿ 1939ರ ಏಪ್ರಿಲ್‌ನಲ್ಲಿ ನಾಯಕರ ಬಂಧನದಿಂದ ರೊಚ್ಚಿಗೆದ್ದ ಜನರು ಸೆರೆಮನೆಯ ಮೇಲೆ ದಾಳಿ ಮಾಡಿದಾಗ ಹಲವು ಪೊಲೀಸರು ಹತರಾದರು. ಗಾಂಧೀಜಿ ಈ ಹಿಂಸೆಯನ್ನು ಖಂಡಿಸಿದರು. ಜಮಖಂಡಿಯಲ್ಲಿ ಅರಸರು ಮತ್ತು ಪ್ರಜಾಪಕ್ಷದ ನಡುವೆ ಹೊಂದಾಣಿಕೆ ಸಾಧ್ಯವಾಯಿತು. ಮುಂದೆ ಭಾರತದ ಉಪರಾಷ್ಟ್ರಪತಿಯಾದ ಬಿ. ಡಿ. ಜತ್ತಿ ಅಲ್ಲಿ ಮಂತ್ರಿಯಾಗಿ, ನಂತರ ದಿವಾನರಾಗಿ ಕೆಲಸ ಮಾಡಿದ್ದರು. ಈ ಭಾಗದ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಸಂಡೂರು 1949ರಲ್ಲಿ ಮದರಾಸಿಗೆ ಸೇರಿತು.

ಏಕೀಕರಣದ ಮೇಲೆ ಪರಿಣಾಮ

ಸ್ವಾತಂತ್ರ್ಯಾನಂತರದ ಏಕೀಕರಣ ಚರ್ಚೆಯಲ್ಲಿ ಹಳೆಯ ಗಡಿಗಳು ಹೊಸ ರೂಪದಲ್ಲಿ ಕಾಣಿಸಿಕೊಂಡವು. ಮುಂಬಯಿ ಕರ್ನಾಟಕದಲ್ಲಿ ಏಕೀಕರಣದ ಬೇಡಿಕೆ ತೀವ್ರವಾಗಿತ್ತು. 1953ರಲ್ಲಿ ಅದರಗುಂಚಿ ಶಂಕರಗೌಡರ ಉಪವಾಸ ಮತ್ತು ಹುಬ್ಬಳ್ಳಿಯ ಗಲಭೆ ಇದನ್ನು ದೇಶದ ಗಮನಕ್ಕೆ ತಂದವು. ಹಳೆಯ ಮೈಸೂರಿನಲ್ಲಿ ಒಂದು ವರ್ಗ ಹಿಂಜರಿಯಿತು. ಸಂಸ್ಥಾನದ ಸಂಪನ್ಮೂಲ ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋಗುತ್ತದೆ, ಜಾತಿ ಬಲಾಬಲ ಬದಲಾಗುತ್ತದೆ ಎಂಬ ಆತಂಕ ಅದಕ್ಕೆ ಕಾರಣವಾಗಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಆ ಹಿಂಜರಿಕೆಯನ್ನು ಎದುರಿಸಿ ಏಕೀಕರಣದ ಪರ ನಿಂತರು. ಕೊಡಗಿನಲ್ಲಿ 1952ರ ಚುನಾವಣೆಯೇ ಈ ಪ್ರಶ್ನೆಯ ಮೇಲೆ ನಡೆಯಿತು. 24 ಸ್ಥಾನಗಳಲ್ಲಿ ಕಾಂಗ್ರೆಸ್ 15ನ್ನು ಗೆದ್ದಿತು. ಮೈಸೂರಿನೊಂದಿಗಿನ ವಿಲೀನವನ್ನು ವಿರೋಧಿಸಿದ ತಕ್ಕಡಿ ಪಕ್ಷದ ನಾಯಕತ್ವ ವಹಿಸಿದವರು ಹಿಂದೆ ಕಾಂಗ್ರೆಸ್ ಹೋರಾಟಗಾರರಾಗಿದ್ದ ಬೆಳ್ಯಪ್ಪನವರು. ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ಒಂದಾಗಿದ್ದವರೂ ನಾಡಿನ ಭವಿಷ್ಯದ ಬಗ್ಗೆ ಬೇರೆಯಾಗಬಹುದೆಂಬುದಕ್ಕೆ ಇದು ನಿದರ್ಶನ.

1956ರ ನವೆಂಬರ್ 1ರಂದು ಈ ಪ್ರದೇಶಗಳು ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾದವು. ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973ರಲ್ಲಿ ಬಂದಿತು.

ಇತರ ದೇಶಗಳೊಂದಿಗೆ ಹೋಲಿಕೆ

ವಸಾಹತುಗಳ ಸ್ವಾತಂತ್ರ್ಯ ಹೋರಾಟಗಳಲ್ಲಿ ಪ್ರದೇಶಕ್ಕೊಂದು ನಿಷ್ಠೆ ಇರುವುದು ಅಪರೂಪವಲ್ಲ. ದಕ್ಷಿಣ ಅಮೆರಿಕದ ಸ್ಪ್ಯಾನಿಷ್ ವಸಾಹತುಗಳಲ್ಲಿ 1810ರಲ್ಲಿ ಕ್ಯಾರಕಾಸ್ ನಗರ ಸ್ವಂತ ಆಡಳಿತ ಮಂಡಳಿಯನ್ನು ರಚಿಸಿಕೊಂಡಾಗ, ಅದೇ ವೆನೆಜುವೆಲಾದ ಕೋರೋ ಮತ್ತು ಮರಕೈಬೋ ಸ್ಪೇನಿಗೆ ನಿಷ್ಠವಾಗಿ ಉಳಿದವು. ಇಂದಿನ ಕೊಲಂಬಿಯಾದ ಪಾಸ್ಟೋ ಪ್ರದೇಶದ ಜನರು 1820ರ ದಶಕದವರೆಗೂ ಸೀಮೋನ್ ಬೊಲಿವಾರನ ಗಣರಾಜ್ಯದ ವಿರುದ್ಧ ದೊರೆಯ ಪರ ಹೋರಾಡಿದರು. ನೆರೆಯ ರಾಜಧಾನಿಯ ಪ್ರಾಬಲ್ಯದ ಭಯ, ಹಳೆಯ ಹಕ್ಕುಗಳ ರಕ್ಷಣೆ ಮತ್ತು ಸ್ಥಳೀಯ ಪೈಪೋಟಿಗಳು ಅಲ್ಲಿಯೂ ನಿಷ್ಠೆಯನ್ನು ನಿರ್ಧರಿಸಿದ್ದವು.

ಸ್ಮರಣೆ

ಪ್ರಾದೇಶಿಕ ಭಿನ್ನತೆ ಇಂದಿಗೂ ಸ್ಮರಣೆಯ ದಿನಗಳಲ್ಲಿ ಉಳಿದಿದೆ. ಕಲಬುರಗಿ ವಿಭಾಗದಲ್ಲಿ ಆಗಸ್ಟ್ 15ರ ಜೊತೆಗೆ ಸೆಪ್ಟೆಂಬರ್ 17ನ್ನೂ ಆಚರಿಸಲಾಗುತ್ತದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯಲಾಗುತ್ತಿದ್ದ ಇದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವಾಗಿದೆ. ಈ ಭಾಗದ ಹಿಂದುಳಿದಿರುವಿಕೆಯನ್ನು ಪರಿಗಣಿಸಿ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿಯನ್ನು ಸೇರಿಸಲಾಗಿದೆ. ಶಿವಪುರ, ವಿದುರಾಶ್ವತ್ಥ, ಈಸೂರು ಮತ್ತು ಅಂಕೋಲೆಗಳಲ್ಲಿ ಹೋರಾಟದ ಸ್ಮಾರಕಗಳಿವೆ. 2022ರಲ್ಲಿ ಮಂಗಳೂರಿನಲ್ಲಿ ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಇವನ್ನೂ ನೋಡಿ

- ಕರ್ನಾಟಕ ಏಕೀಕರಣ
- ಮೈಸೂರು ಸಂಸ್ಥಾನ
- ಅಮರಸುಳ್ಯ ದಂಗೆ
- ವಿದುರಾಶ್ವತ್ಥ
- ಈಸೂರು
- ಕಲ್ಯಾಣ ಕರ್ನಾಟಕ